ಡೈವಿಂಗ್ ಕಂಪ್ರೆಸರ್: ಎಣ್ಣೆ ದುಬಾರಿಯಾಯಿತು, ಖರ್ಚು ಇಳಿಯಿತು

ಮೂರು ಪಟ್ಟು ಬೆಲೆಯ ಎಣ್ಣೆ ಹಾಕಲು, ಗಾಳಿಯನ್ನು ಇನ್ನಷ್ಟು ತಂಪು ಮಾಡಲು ಶುರು ಮಾಡಿದ ಮೇಲೆ, ಡೈವರ್‌ಗಳ ಟ್ಯಾಂಕಿಗೆ ಉಸಿರಾಟದ ಗಾಳಿ ತುಂಬುವ ನನ್ನ ಕಂಪ್ರೆಸರ್‌ನ ವರ್ಷದ ಖರ್ಚು ನೂರಕ್ಕೆ ಸುಮಾರು ಮೂವತ್ತು ಇಳಿದಿದೆ. ಮೊದಲು ಇದನ್ನು ಹೇಳಿದಾಗ ಎಲ್ಲರೂ ನಕ್ಕರು. "ಹಳೇ ಪಂಪಿಗೆ ಇಷ್ಟು ದುಬಾರಿ ಎಣ್ಣೆ ಯಾಕ್ರೀ? ಪಿಸ್ಟನ್ ರಿಂಗ್ ಸವೆದಿದೆ, ಕುಡಿದು ಉಗುಳುತ್ತೆ ಅಷ್ಟೇ" ಎಂದರು. ಈಗ ಅವರಲ್ಲೇ ಕೆಲವರು ಯಾವ ಗ್ರೇಡ್, ಎಷ್ಟು ಗಂಟೆಗೆ ಬದಲಿಸಬೇಕು ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ನನ್ನದು ಮೂರು ಸ್ಟೇಜಿನ (ಮೂರು ಹಂತದಲ್ಲಿ ಒತ್ತಡ ಏರಿಸುವ), ಗಾಳಿಯಲ್ಲೇ ತಣ್ಣಗಾಗುವ, ಬೆಲ್ಟ್ ಹಾಕಿದ ಎಲೆಕ್ಟ್ರಿಕ್ ಯಂತ್ರ. ಸೆಕೆಂಡ್ ಹ್ಯಾಂಡ್. ನಿಮಿಷಕ್ಕೆ 300 ಲೀಟರ್ ಆಸುಪಾಸು, 225 ಬಾರ್‌ವರೆಗೆ ತುಂಬುತ್ತೇನೆ. ಸಂಪ್‌ಗೆ (ತಳದ ಎಣ್ಣೆ ತೊಟ್ಟಿಗೆ) 3 ಲೀಟರ್‌ಗಿಂತ ಸ್ವಲ್ಪ ಕಡಿಮೆ ಎಣ್ಣೆ ಹಿಡಿಯುತ್ತದೆ. ವರ್ಷಕ್ಕೆ ಸುಮಾರು 300 ಗಂಟೆ ಓಡುತ್ತದೆ. ಕೆಳಗಿನ ಅಂಕಿಗಳೆಲ್ಲ ಹೆಚ್ಚುಕಮ್ಮಿ ನೆನಪಿನಿಂದ ಹೇಳುತ್ತಿರುವುದು, ಒಂದೆರಡು ಆಚೆ ಈಚೆ ಇರಬಹುದು.

ಮೊದಲು ಹಳೆಯ ಲೆಕ್ಕ. ಯಂತ್ರ ಕೊಂಡ ದುಡ್ಡು ಬಿಟ್ಟು, ವರ್ಷಕ್ಕೆ ನೂರು ಖರ್ಚಾಗುತ್ತದೆ ಎಂದುಕೊಳ್ಳಿ. ಅದರಲ್ಲಿ ಗಾಳಿಯ ತೇವ, ಕೊಳೆ ಹಿಡಿಯುವ ಫಿಲ್ಟರ್ ಕಾರ್ಟ್ರಿಜ್‌ಗೇ 45. ವಾಲ್ವ್, ರಿಂಗ್, ಗ್ಯಾಸ್ಕೆಟ್‌ಗೆ 27. ಕರೆಂಟಿಗೆ 20. ಗಾಳಿ ಪರೀಕ್ಷೆ, ಬೆಲ್ಟ್, ಹೋಸ್ ಸೇರಿ 5. ಎಣ್ಣೆಗೆ ಬರೀ 3! ನಾವು ಕೂತು ಚೌಕಾಸಿ ಮಾಡುವುದು ಮಾತ್ರ ಈ ಮೂರರ ಮೇಲೆ. ಆ ಮೂರನ್ನು ಎರಡಕ್ಕೆ ಇಳಿಸಲು ಹೋಗಿ 45 ಮತ್ತು 27 ಎರಡನ್ನೂ ಏರಿಸಿಕೊಳ್ಳುವವರನ್ನು ಸಾಕಷ್ಟು ನೋಡಿದ್ದೇನೆ.

ಅದರಲ್ಲಿ ಕೆಟ್ಟದ್ದು ಕಾರಿನ ಎಂಜಿನ್ ಆಯಿಲ್ ಹಾಕುವುದು. ಪರಿಚಯದವರೊಬ್ಬರು ಹಾಕಿ ಓಡಿಸುತ್ತಿದ್ದರು. ಹೆಡ್ (ಸಿಲಿಂಡರಿನ ಮುಚ್ಚಳ) ಬಿಚ್ಚಲು ನನ್ನನ್ನು ಕರೆದರು. ಕೊನೆಯ ಸ್ಟೇಜಿನಿಂದ ಗಾಳಿ ಹೊರಬಿಡುವ ಡಿಸ್ಚಾರ್ಜ್ ವಾಲ್ವ್ ಮೇಲೆ ಗಟ್ಟಿ ಕರಿ ಕೂತು, ಪ್ಲೇಟ್ ಅಲುಗಾಡುತ್ತಲೇ ಇರಲಿಲ್ಲ. ಎಂಜಿನ್ ಆಯಿಲ್‌ನಲ್ಲಿ ಡಿಟರ್ಜೆಂಟ್ ಇರುತ್ತದೆ, ಲೋಹದ ಅಂಶವಿರುವ ಅಡಿಟಿವ್ ಇರುತ್ತದೆ. ಬಿಸಿ ವಾಲ್ವ್ ಮೇಲೆ ಅದು ಸುಟ್ಟು ಬೂದಿ ಉಳಿಯುತ್ತದೆ. ನೀರನ್ನೂ ತನ್ನೊಳಗೆ ಕಲಸಿಟ್ಟುಕೊಳ್ಳುತ್ತದೆ, ಬೇರೆಯಾಗಲು ಬಿಡುವುದಿಲ್ಲ. ವಾಲ್ವ್ ಸೋರಿದರೆ ಅದೇ ಗಾಳಿ ಹಿಂದೆ ಬಂದು ಮತ್ತೆ ಒತ್ತಡಕ್ಕೆ ಸಿಕ್ಕಿ ಹೆಡ್ ಇನ್ನಷ್ಟು ಬಿಸಿಯಾಗುತ್ತದೆ. ಎಣ್ಣೆ ಸೀದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಉಸಿರಾಟದ ಗಾಳಿಯ ಮಾನದಂಡಗಳಲ್ಲಿ ಯುರೋಪಿನ ಇಎನ್ 12021 ಪ್ರಕಾರ ಅದರ ಮಿತಿ 5 ಪಿಪಿಎಂ (ಹತ್ತು ಲಕ್ಷಕ್ಕೆ ಐದು ಭಾಗ), ಅಮೆರಿಕದ ಗ್ರೇಡ್ ಇ ಪ್ರಕಾರ 10. ನೆಲದ ಮೇಲೆ ಚಿಕ್ಕ ಸಂಖ್ಯೆ ಅನಿಸುತ್ತದೆ. 40 ಮೀಟರ್ ಆಳದಲ್ಲಿ ಅದೇ ಐದು ಪಟ್ಟು ಆಗಿ ಎದೆಗೆ ಹೋಗುತ್ತದೆ. ಇಲ್ಲಿ ದುಡ್ಡಿನ ಮಾತೇ ಬರುವುದಿಲ್ಲ.

ನಾನು ಹಾಕುತ್ತಿದ್ದುದು ಎಂಜಿನ್ ಆಯಿಲ್ ಅಲ್ಲ, ಉಸಿರಾಟದ ಗಾಳಿಗೆಂದೇ ಮಾರುವ ಮಿನರಲ್ ಎಣ್ಣೆ. ಅದು ಕೆಟ್ಟದ್ದೇನೂ ಅಲ್ಲ. ಆದರೆ ಸುಮಾರು 150 ಗಂಟೆಗೊಮ್ಮೆ ಮೂರನೇ ಸ್ಟೇಜಿನ ವಾಲ್ವ್ ತೆಗೆದು ಒರೆಸಲೇಬೇಕಿತ್ತು. ಇಲ್ಲದಿದ್ದರೆ ಎರಡನೇ ಸ್ಟೇಜಿನ ಗೇಜ್ ಮೇಲಕ್ಕೆ ಹತ್ತುತ್ತಿತ್ತು. ಮುಂದಿನ ಸ್ಟೇಜಿನ ವಾಲ್ವ್ ಸೋರಿದರೆ ಹಿಂದಿನ ಸ್ಟೇಜಿನ ಒತ್ತಡ ಏರುತ್ತದೆ. ಪ್ರತಿ ಸ್ಟೇಜಿನ ಒತ್ತಡ ತೋರಿಸುವ ಗೇಜ್‌ಗಳಿಲ್ಲದ ಯಂತ್ರ ಇದ್ದರೆ ಮೊದಲು ಗೇಜ್ ಹಾಕಿಸಿ, ಆಮೇಲೆ ಎಣ್ಣೆಯ ಮಾತು.

ಆಮೇಲೆ ಡೈಎಸ್ಟರ್ ಸಿಂಥೆಟಿಕ್‌ಗೆ (ಎಸ್ಟರ್ ಜಾತಿಯ ಕೃತಕ ಎಣ್ಣೆಗೆ) ಬಂದೆ. ಬ್ರ್ಯಾಂಡ್ ಹೇಳುವುದಿಲ್ಲ. ಹೇಳಿದರೆ ಎಲ್ಲರೂ ಡಬ್ಬ ನೋಡುತ್ತೀರಿ, ಉಳಿದದ್ದನ್ನು ಬಿಡುತ್ತೀರಿ. ನಿಮ್ಮ ಪಂಪಿನ ಮ್ಯಾನುಯಲ್ ಯಾವ ವಿಜಿ ನಂಬರ್ (ಎಣ್ಣೆ ಎಷ್ಟು ಮಂದ ಎನ್ನುವ ಸಂಖ್ಯೆ) ಹೇಳುತ್ತದೋ ಅದೇ ತೆಗೆದುಕೊಳ್ಳಿ, ಸಾಕು.

ಬದಲಿಸಿದ ಮೊದಲ ತಿಂಗಳು ನಕ್ಕವರಿಗೆ ಹಬ್ಬ. ಎಸ್ಟರ್ ಎಣ್ಣೆ ಒಳಗಿನ ಹಳೆಯ ಕೊಳೆಯನ್ನೆಲ್ಲ ಕರಗಿಸಿ ಎಬ್ಬಿಸುತ್ತದೆ. ವರ್ಷಗಟ್ಟಲೆ ಸುಮ್ನೆ ಕೂತಿದ್ದ ಕರಿ ಎದ್ದು ಬಂದು ವಾಲ್ವ್ ಸೀಟಿನಲ್ಲಿ ಸಿಕ್ಕಿತು. ಎರಡನೇ ಸ್ಟೇಜಿನ ಸೇಫ್ಟಿ ವಾಲ್ವ್ ಸಿಳ್ಳೆ ಹೊಡೆಯಿತು. ತಳದ ಪೇಂಟ್ ಸಿಪ್ಪೆಯಾಗಿ ಎದ್ದಿತು. ಡ್ರೈನಿಗೆ ಹಾಕಿದ್ದ ಪಿವಿಸಿ ಪೈಪ್ ಕಡ್ಡಿಯಂತೆ ಬಿರುಸಾಯಿತು. ಒಂದು ನೈಟ್ರೈಲ್ ರಬ್ಬರಿನ ಓ-ರಿಂಗ್ ಸೀಲ್ ಊದಿಕೊಂಡು ತಾನು ಕೂತ ಗ್ರೂವ್‌ನಿಂದ ಹೊರಗೆ ಇಣುಕಿತು. ಈ ರಿಪೇರಿಗೇ ಆ ವರ್ಷ ಉಳಿಯಬೇಕಿದ್ದ ದುಡ್ಡೆಲ್ಲ ಹೋಯಿತು. ಕೆಲವರು ಇಲ್ಲಿಗೇ ಕೈಬಿಟ್ಟು "ಸಿಂಥೆಟಿಕ್ ಪಂಪ್ ತಿನ್ನುತ್ತೆ" ಎಂದು ಊರೆಲ್ಲ ಹೇಳುತ್ತಾರೆ. ಪಂಪನ್ನೇನೂ ತಿನ್ನುವುದಿಲ್ಲ, ಕೊಳೆ ತೆಗೆಯುತ್ತದೆ. ಆ ಕೊಳೆ ಹೊರಗೆ ಹೋಗಲು ನಾವು ದಾರಿ ಮಾಡಿಕೊಡಬೇಕು.

ಈಗ ಯಾರಿಗಾದರೂ ಬದಲಿಸಿಕೊಡುವಾಗ ಹೀಗೆ ಮಾಡುತ್ತೇನೆ. ಪಂಪ್ ಚೆನ್ನಾಗಿ ಬಿಸಿ ಇರುವಾಗಲೇ ಹಳೆಯ ಎಣ್ಣೆ ಇಳಿಸುತ್ತೇನೆ. ಹೊಸದನ್ನು ಕೆಳಗಿನ ಗುರುತಿನವರೆಗೆ ಹಾಕಿ, ಲೋಡ್ ಇಲ್ಲದೆ ಅರ್ಧ ಗಂಟೆ ಓಡಿಸಿ, ಇಳಿಸಿ ಚೆಲ್ಲುತ್ತೇನೆ. ಎಣ್ಣೆಯ ಮುಖ ನೋಡಿ ಹೊಟ್ಟೆ ಉರಿಯುತ್ತದೆ, ಆದರೂ ಚೆಲ್ಲಬೇಕು. ಪೂರ್ತಿ ತುಂಬಿ ಸುಮಾರು 50 ಗಂಟೆ ಓಡಿಸಿ ಮತ್ತೆ ಬದಲಿಸುತ್ತೇನೆ. ಆಮೇಲೆ ಮೂರೂ ಸ್ಟೇಜಿನ ವಾಲ್ವ್ ಬಿಚ್ಚಿ ಒರೆಸುತ್ತೇನೆ. ಸೀಲ್‌ಗಳನ್ನು ಮೊದಲೇ ಎಸ್ಟರ್ ತಡೆಯುವ ವೈಟಾನ್ ರಬ್ಬರಿಗೆ ಬದಲಿಸಿರುತ್ತೇನೆ. ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಬಟ್ಟಲು ಎಲ್ಲಾದರೂ ಇದ್ದರೆ ತೆಗೆದುಹಾಕಿ, ಎಸ್ಟರ್ ತಾಗಿದರೆ ಬಿರುಕು ಬಿಡುತ್ತದೆ. ಮಿನರಲ್, ಸಿಂಥೆಟಿಕ್ ಎರಡನ್ನೂ ಬೆರೆಸಿ ಟಾಪ್ ಅಪ್ ಮಾಡುವುದಂತೂ ಬೇಡವೇ ಬೇಡ. ನಾನು ಸಂಪ್ ಮುಚ್ಚಳಕ್ಕೇ ಎಣ್ಣೆಯ ಹೆಸರಿನ ಚೀಟಿ ಅಂಟಿಸಿದ್ದೇನೆ. ವಾಲ್ವ್ ಪ್ಲೇಟ್ ಕೂರಿಸುವ ಕೈಚಳಕ ಒಂದಿದೆ, ಅದನ್ನು ಬರೆಯುವುದಿಲ್ಲ. ಅದೇ ನನ್ನ ಅನ್ನ.

ಫಲ ಕಾಣಲು ಒಂದು ವರ್ಷ ಹಿಡಿಯಿತು. ಈಗ 500 ಗಂಟೆ ಹತ್ತಿರ ಬಂದರೂ ವಾಲ್ವ್ ಮೇಲೆ ತೆಳು ಕಂದು ಪದರ ಇರುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಟಾಪ್ ಅಪ್ ಕೂಡ ಕಡಿಮೆಯಾಯಿತು. ರಿಂಗ್ ಸವೆದ ಪಂಪಿಗೆ ಒಳ್ಳೆ ಎಣ್ಣೆ ದಂಡ ಎಂದರಲ್ಲ, ನನ್ನ ಕಣ್ಣಿಗೆ ಕಂಡದ್ದು ಉಲ್ಟಾ. ಸವೆದ ಪಂಪಿನಲ್ಲಿ ಎಣ್ಣೆ ಜಾಸ್ತಿ ಮೇಲೆ ಬರುತ್ತದೆ. ಹಾಗೆ ಬರುವ ಎಣ್ಣೆ ಸೀಯದೆ ಇರುವುದೇ ಅಲ್ಲಿ ಮುಖ್ಯ.

ಎಣ್ಣೆ ಬದಲಿಸುವ ಅವಧಿಯನ್ನು ಮಾತ್ರ ನಾನು ಎಳೆಯಲಿಲ್ಲ. ಮಿನರಲ್‌ಗೆ 1000 ಗಂಟೆ ಅಥವಾ ಒಂದು ವರ್ಷ, ಸಿಂಥೆಟಿಕ್‌ಗೆ 2000 ಗಂಟೆ ಅಥವಾ ಎರಡು ವರ್ಷ ಎನ್ನುವ ಮ್ಯಾನುಯಲ್‌ಗಳಿವೆ. ಸಣ್ಣ ಪೋರ್ಟಬಲ್ ಯಂತ್ರಗಳಿಗೆ ಇದಕ್ಕಿಂತ ತುಂಬಾ ಕಡಿಮೆ. ನಮ್ಮಂಥವರಿಗೆ ಗಂಟೆಗಿಂತ ಕ್ಯಾಲೆಂಡರೇ ಮೊದಲು ಬರುತ್ತದೆ. ಒಂದೆರಡು ಟ್ಯಾಂಕ್ ತುಂಬಿ ಆಫ್ ಮಾಡಿದರೆ ಪಂಪ್ ಪೂರ್ತಿ ಬಿಸಿಯೇ ಆಗುವುದಿಲ್ಲ, ನೀರು ಸಂಪ್‌ನಲ್ಲೇ ಉಳಿಯುತ್ತದೆ. ನೀರು ಸೇರಿದ ಎಸ್ಟರ್ ನಿಧಾನಕ್ಕೆ ಹುಳಿಯಾಗುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ ಬದಲಿಸುತ್ತೇನೆ, ಖಾಲಿ ಟ್ಯಾಂಕ್‌ಗಳನ್ನು ಕೂಡಿಹಾಕಿ ಒಟ್ಟಿಗೆ ತುಂಬುತ್ತೇನೆ. ವರ್ಷಕ್ಕೆ 30–40 ಗಂಟೆ ಮಾತ್ರ ಓಡಿಸುವವರು ಒಳ್ಳೆಯ ಮಿನರಲ್ ಹಾಕಿ ಕಾಲಕ್ಕೆ ಸರಿಯಾಗಿ ಬದಲಿಸಿದರೆ ಸಾಕು. ಅವರಿಗೆ ಸಿಂಥೆಟಿಕ್ ಕೊಟ್ಟ ದುಡ್ಡನ್ನು ವಾಪಸ್ ತರುವುದಿಲ್ಲ.

ಇನ್ನು 45ರ ಕಥೆ. ಕಾರ್ಟ್ರಿಜ್ ಉಳಿಸಿದ್ದು ಎಣ್ಣೆ ಅಲ್ಲ, ತಂಪು. ಇದರಲ್ಲಿ ಎಣ್ಣೆ ಮಾರುವವರ ಮಾತು ನಂಬಬೇಡಿ. ಒಂದು ಘನ ಮೀಟರ್ ಜಾಗ 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ ನೀರಿನ ಆವಿ ಹಿಡಿಯುತ್ತದೆ, 40ರಲ್ಲಿ 51, 50ರಲ್ಲಿ 83. ಕೊನೆಯ ಸೆಪರೇಟರ್ (ಗಾಳಿಯಿಂದ ನೀರು ಬೇರ್ಪಡಿಸುವ ಭಾಗ) ದಾಟಿದ ಗಾಳಿ ಎಷ್ಟು ಬಿಸಿಯೋ ಅಷ್ಟು ನೀರು ಕಾರ್ಟ್ರಿಜ್ ಒಳಗೆ ಹೋಗುತ್ತದೆ. ಅದರೊಳಗಿನ ತೇವ ಹೀರುವ ಮಾಲಿಕ್ಯುಲರ್ ಸೀವ್ ತುಂಬಿದ ಮೇಲೆ ಮುಂದಿನ ಹಾಪ್ಕಲೈಟ್‌ಗೂ ಕುತ್ತು, ತೇವ ತಾಗಿದರೆ ಅದು ಮೊನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡ್ ಆಗಿ ಬದಲಿಸುವುದನ್ನು ನಿಲ್ಲಿಸುತ್ತದೆ. ನನ್ನ ಸೆಪರೇಟರ್ ಬೇಸಿಗೆಯಲ್ಲಿ 50 ಡಿಗ್ರಿ ಮುಟ್ಟುತ್ತಿತ್ತು. ಅದನ್ನು 36–37ಕ್ಕೆ ಇಳಿಸಿದರೆ ಒಳಗೆ ಹೋಗುವ ನೀರು ಅರ್ಧವಾಗುತ್ತದೆ. ಲೆಕ್ಕ ಇಷ್ಟೇ.

ಮೊದಲು ಕೊನೆಯ ಕೂಲರ್ ಆದಮೇಲೆ ಇನ್ನೊಂದು ಸುರುಳಿ ಹಾಕಿ ನೀರಿನ ಬಕೆಟ್‌ನಲ್ಲಿ ಮುಳುಗಿಸಿದೆ. ಮೊದಲ ಅರ್ಧ ಗಂಟೆ ಅದ್ಭುತ. ಆಮೇಲೆ ನೀರೇ ಬಿಸಿ. ಐಸ್ ಹಾಕು ಎಂದರು ಒಬ್ಬರು. ಹಾಕಲಿಲ್ಲ. ಕೊನೆಗೆ ಬಕೆಟ್ ತೆಗೆದು, ಸುರುಳಿಗೆ ಬೇರೆಯೇ ಫ್ಯಾನ್ ಕೊಟ್ಟೆ. ಫ್ಯಾನ್ ಎಳೆಯುವ ಗಾಳಿ ಪಂಪಿನ ಬಿಸಿ ತಾಗದ ಕಡೆಯಿಂದ ಬರಬೇಕು. ಹೈ ಪ್ರೆಶರ್‌ಗೆ ಪ್ರಮಾಣಿತ ಸ್ಟೇನ್‌ಲೆಸ್ ಪೈಪ್ ಮತ್ತು ಫಿಟ್ಟಿಂಗ್ ಮಾತ್ರ, ಮನೆಯಲ್ಲಿ ಬೆಸುಗೆ ಹಾಕುವ ಆಟ ಇಲ್ಲ. ಪೈಪ್ ಪೂರ್ತಿ ಸೆಪರೇಟರ್ ಕಡೆಗೆ ಇಳಿಜಾರಾಗಿರಲಿ, ಇಲ್ಲದಿದ್ದರೆ ನೀರು ನಡುವೆ ನಿಲ್ಲುತ್ತದೆ. ನಡುಕಕ್ಕೆ ಪೈಪ್ ಕುತ್ತಿಗೆ ಒಡೆಯದಂತೆ ಎಲ್ಲಿ ಕ್ಲಾಂಪ್ ಹಾಕಬೇಕೆಂಬುದು ಪ್ರತಿ ಯಂತ್ರಕ್ಕೂ ಬೇರೆ. ನನ್ನ ಯಂತ್ರಕ್ಕೆ ಸರಿಯಾದ ಜಾಗ ಸಿಗುವ ಮೊದಲು ಎರಡು ಫಿಟ್ಟಿಂಗ್ ಬಲಿಯಾದವು.

ಫಿಲ್ಟರ್ ದಾಟಿದ ಮೇಲೆ ಬರುವ ಪ್ರೆಶರ್ ಮೆಂಟೇನಿಂಗ್ ವಾಲ್ವ್ (ಫಿಲ್ಟರ್ ಒಳಗೆ ಒತ್ತಡ ಹಿಡಿದಿಡುವ ವಾಲ್ವ್) ಕೂಡ ನೋಡಿ. ಖಾಲಿ ಟ್ಯಾಂಕ್ ತಗುಲಿಸಿದಾಗ ಫಿಲ್ಟರ್ ಒಳಗಿನ ಒತ್ತಡ ಕುಸಿದರೆ ತೇವ ಹಿಂಡಿ ಹೊರಬರುವುದೇ ಇಲ್ಲ, ನೇರ ಕಾರ್ಟ್ರಿಜ್‌ಗೆ ಹೋಗುತ್ತದೆ. ನನ್ನದು ಸವೆದು 90 ಬಾರ್‌ಗೇ ತೆರೆಯುತ್ತಿತ್ತು. ಸರಿಯಾಗಿ 150ರ ಮೇಲೆ ಕೂರಿಸಿದೆ. ಕೆಲಸ ಮುಗಿದ ಮೇಲೂ ಫಿಲ್ಟರ್‌ನಲ್ಲಿ ಒತ್ತಡ ಉಳಿಸಿಯೇ ಇಟ್ಟಿರುತ್ತೇನೆ. ಕಾರ್ಟ್ರಿಜ್‌ಗೆ ಹೊರಗಿನ ತೇವ ತಾಗುವುದಿಲ್ಲ, ಹೌಸಿಂಗ್‌ಗೂ ಒತ್ತಡ ಏರಿ ಇಳಿಯುವ ಸಂಖ್ಯೆ ಕಡಿಮೆಯಾಗುತ್ತದೆ.

ಕಾರ್ಟ್ರಿಜ್ ತೂಗುವ ಹುಚ್ಚೂ ಹಿಡಿಯಿತು. ಹೊಸದನ್ನು ಪ್ಯಾಕ್ ಬಿಚ್ಚಿದ ಕೂಡಲೇ ಗ್ರಾಂ ತಕ್ಕಡಿಯಲ್ಲಿಟ್ಟು ತೂಕವನ್ನು ಅದರ ಮೇಲೇ ಬರೆಯಿರಿ. ತೆಗೆದಾಗ ಮತ್ತೆ ತೂಗಿ. ಸೀವ್ ತನ್ನ ತೂಕದ ಐದನೇ ಒಂದು ಭಾಗದಷ್ಟು ನೀರು ಕುಡಿಯಬಲ್ಲದು. ಗಂಟೆ ನೋಡಿ ಬದಲಿಸುತ್ತಿದ್ದಾಗ ಚಳಿಗಾಲದಲ್ಲಿ ಅರ್ಧವೂ ತುಂಬದ ಕಾರ್ಟ್ರಿಜ್ ಬಿಸಾಡುತ್ತಿದ್ದೆವು, ಬೇಸಿಗೆಯಲ್ಲಿ ತುಂಬಿ ತುಳುಕಿದ್ದನ್ನು ಇಟ್ಟುಕೊಳ್ಳುತ್ತಿದ್ದೆವು. ಆದರೆ ತಕ್ಕಡಿ ಹೇಳುವುದು ನೀರಿನ ಲೆಕ್ಕ ಮಾತ್ರ. ಇದ್ದಿಲು, ಹಾಪ್ಕಲೈಟ್ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಹಾಗಾಗಿ ತಯಾರಕರು ಹೇಳಿದ ಗರಿಷ್ಠ ಅವಧಿಯನ್ನು ದಾಟುವುದಿಲ್ಲ, ಮೊನಾಕ್ಸೈಡ್ ಮೀಟರ್ ತೆಗೆದಿಡುವುದಿಲ್ಲ.

ಇನ್ನೊಂದು ಪ್ರಯೋಗ, ಡ್ರೈನ್ ನೀರನ್ನು ಪಾರದರ್ಶಕ ಬಾಟಲಿಯಲ್ಲಿ ವಾರಗಟ್ಟಲೆ ಇಟ್ಟು ಮೇಲೆ ತೇಲುವ ಎಣ್ಣೆಯನ್ನು ಅಳೆದದ್ದು. ಎಣ್ಣೆ ಎಷ್ಟು ಹೋಗುತ್ತಿದೆ ಎಂದು ತಿಳಿಯಲು ಹೊರಟೆ. ಬಾಟಲಿಯಲ್ಲಿ ಬರೀ ಹಾಲಿನಂಥ ನೀರು, ಪದರವೇ ಕಟ್ಟಲಿಲ್ಲ. ಮನೆಯವರ ಬೈಗುಳ ಮಾತ್ರ ಲಾಭ. ಅದಕ್ಕಿಂತ ಡಿಪ್‌ಸ್ಟಿಕ್ ನೋಡಿ ಬರೆದಿಡುವುದೇ ವಾಸಿ. ಹಳೆಯ ಎಣ್ಣೆಯನ್ನು ಲ್ಯಾಬಿಗೆ ಕಳಿಸಿದ್ದು ಮಾತ್ರ ಕೊಟ್ಟ ದುಡ್ಡಿಗೆ ತಕ್ಕದ್ದು. ಎಣ್ಣೆಯಲ್ಲಿ ತಾಮ್ರ ಏರುತ್ತಿದೆ ಎಂದು ಬಂದಿತ್ತು. ಬಿಚ್ಚಿ ನೋಡಿದರೆ ಸವೆಯುತ್ತಿದ್ದುದು ಕನೆಕ್ಟಿಂಗ್ ರಾಡಿನ ಸಣ್ಣ ತುದಿಯ ಬುಷ್. ಕ್ರ್ಯಾಂಕ್ ಉಳಿಯಿತು.

"ಎಣ್ಣೆಯೇ ಇಲ್ಲದ ಪಂಪ್ ತಗೊಂಡ್ರೆ ಈ ರಗಳೆಯೇ ಇಲ್ವಲ್ಲ" ಎನ್ನುವವರಿಗೆ: ಗೆಳೆಯರ ಆಯಿಲ್‌ಲೆಸ್ ಯಂತ್ರವನ್ನು ಒಂದು ಸೀಸನ್ ನಾನೇ ಓಡಿಸಿದ್ದೇನೆ. ಟೆಫ್ಲಾನ್ ಜಾತಿಯ ರಿಂಗ್, ಸಿಲಿಂಡರಿಗೆ ಎಣ್ಣೆ ಇಲ್ಲ. ಎಣ್ಣೆ ಸೀಯುವ ಭಯವಿಲ್ಲ, ಆಕ್ಸಿಜನ್ ಬೆರೆಸುವವರಿಗೆ ನೆಮ್ಮದಿ. ಆದರೆ ನೀರು ಅಷ್ಟೇ ಇರುತ್ತದೆ, ಕಾರ್ಟ್ರಿಜ್ ಬೇಕೇ ಬೇಕು. ಒಣಗಿ ಉಜ್ಜುವ ರಿಂಗ್ ಬೇಗ ಸವೆಯುತ್ತದೆ, ಸುಮ್ಮನೆ ನಿಂತರೆ ಒಳಗೆ ತುಕ್ಕು ಹಿಡಿಯುತ್ತದೆ. ನನ್ನ ನೂರರ ಅಳತೆಯಲ್ಲಿ ಹಾಕಿದರೆ ಅವರ ಲೆಕ್ಕ 105ರ ಹತ್ತಿರ ಬಂತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ರಿಂಗ್ ಮತ್ತು ರೀಬಿಲ್ಡ್‌ಗೇ. ನೈಟ್ರಾಕ್ಸ್ (ಆಕ್ಸಿಜನ್ ಹೆಚ್ಚು ಬೆರೆಸಿದ ಗಾಳಿ) ಜಾಸ್ತಿ ಮಾಡುವವರಾದರೆ ಕೊಡಬಹುದು. ಬರೀ ಗಾಳಿ ತುಂಬುವ ನನಗೆ ಬೇಡ.

ನನ್ನ ಈಗಿನ ಲೆಕ್ಕ: ಕಾರ್ಟ್ರಿಜ್ 24, ವಾಲ್ವ್ ಮತ್ತು ರಿಂಗ್ 14, ಕರೆಂಟ್ 20, ಉಳಿದದ್ದು 5, ಎಣ್ಣೆ 7. ಒಟ್ಟು 70. ಸುರುಳಿ, ಫ್ಯಾನ್, ಮೊದಲ ವರ್ಷದ ರಿಪೇರಿ ಇವುಗಳ ದುಡ್ಡು ಎರಡನೇ ವರ್ಷದ ಕೊನೆಗೆ ವಾಪಸ್ ಬಂತು. ಮುಂದಿನ ಸರದಿ ಪಿಎಓ ಎಂಬ ಇನ್ನೊಂದು ಜಾತಿಯ ಸಿಂಥೆಟಿಕ್ ಎಣ್ಣೆಯದು. ಸೀಲ್‌ಗಳಿಗೆ ಅದು ಎಸ್ಟರ್‌ಗಿಂತ ಸಾಧು, ಹಳೆಯ ಕೊಳೆಯನ್ನು ಅಷ್ಟಾಗಿ ಎಬ್ಬಿಸುವುದೂ ಇಲ್ಲ. ಇನ್ನೊಂದು ಸಣ್ಣ ಪಂಪಿಗೆ ಈಗಾಗಲೇ ಹಾಕಿದ್ದೇನೆ. ಇನ್ನೂ 100 ಗಂಟೆಯೂ ಓಡಿಲ್ಲ, ವಾಲ್ವ್ ಬಿಚ್ಚಿ ನೋಡುವವರೆಗೆ ಅದರ ಬಗ್ಗೆ ಕೇಳಬೇಡಿ.