ಎಸ್‌ಎಸ್‌ಎಚ್ ಗಪ್ಪಾದ ರಾತ್ರಿ

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿ. ಸರ್ವರ್ ಇರೋದು ಹಳೇ ಊರಿನ ಒಂದು ಸೀರೆ ಅಂಗಡಿಯಲ್ಲಿ. ಅದರಲ್ಲಿ ಉಬುಂಟು ಅನ್ನೋ ಲಿನಕ್ಸ್, ಒಂದು ಕಂಪ್ಯೂಟರಿನೊಳಗೆ ಬೇರೆ ಕಂಪ್ಯೂಟರ್ ಓಡಿಸುವ ಕೆವಿಎಂ. ಒಳಗೆ ಅಂಗಡಿಯ ಹಿಸಾಬು ನೋಡುವ ವರ್ಚುವಲ್ ಮಷಿನ್, ಹೆಸರು 'ಲೆಕ್ಕ'. ಒಂದು ರಾತ್ರಿ ಮನೆಯಿಂದಲೇ ಅದರ ಐಪಿ ಬದಲಿಸಲು ಹೋಗಿ, 192.168.1.20 ಅನ್ನೋ ಕಡೆ 192.168.11.20 ಹೊಡೆದೆ. ಅಷ್ಟೇ, ದೂರದಿಂದ ಲಾಗಿನ್ ಆಗುವ ದಾರಿ, ಎಸ್‌ಎಸ್‌ಎಚ್, ಗಪ್ಪಾಯಿತು. ಹೋಸ್ಟ್, ಅಂದ್ರೆ ಅದನ್ನು ಹೊತ್ತ ಸರ್ವರ್, ಮಾತ್ರ ಸಿಗುತ್ತಿತ್ತು.

ಹೋಸ್ಟ್ ಸಿಕ್ಕರೆ ಸಾಕು. ಕನ್ಸೋಲ್ ಅಂದ್ರೆ ಹಿತ್ತಲ ಬಾಗಿಲು ಇದ್ದ ಹಾಗೆ, ಅದಕ್ಕೆ ಗೆಸ್ಟ್‌ನ, ಅಂದ್ರೆ ಒಳಗಿನ ವರ್ಚುವಲ್ ಮಷಿನ್ನಿನ, ನೆಟ್‌ವರ್ಕ್ ಬೇಕಿಲ್ಲ. ಹೋಸ್ಟ್‌ನಲ್ಲಿ ವರ್ಚುವಲ್ ಮಷಿನ್ ಸಂಭಾಳಿಸುವ ಕಮಾಂಡ್ ವರ್ಶ್. 'ವರ್ಶ್ ಕನ್ಸೋಲ್ ಲೆಕ್ಕ' ಅಂತ ಕೊಟ್ಟೆ. ಕನೆಕ್ಟ್ ಆಯಿತು ಅನ್ನುವ ಸಾಲು ಬಂತು. ಆಮೇಲೆ ಏನೂ ಇಲ್ಲ. ಎಂಟರ್ ಮೇಲೆ ಎಂಟರ್ ಒತ್ತಿದೆ, ಪರದೆ ಖಾಲಿ. ಹೊರಗೆ ಬರೋಣ ಅಂದ್ರೆ ಕಂಟ್ರೋಲ್-ಸಿಗೂ ಬಗ್ಗಲಿಲ್ಲ. ಗೆಳೆಯನಿಗೆ ಫೋನ್ ಹಚ್ಚಿದೆ. "ಕಂಟ್ರೋಲ್ ಹಿಡಕೊಂಡು ಚೌಕ ಬ್ರಾಕೆಟ್ ಒತ್ತಲೇ, ಬಲಗಡೀದು" ಎಂದ. ಆ ಕೀ ಯಾವುದು ಅಂತ ಪರದೆ ಮೇಲೇ ಬರೆದಿತ್ತು, ನಾನೇ ಓದಿರಲಿಲ್ಲ.

ಈ ಕನ್ಸೋಲ್ ಕಮಾಂಡ್ ಹೋಗಿ ಸೇರೋದು ಗೆಸ್ಟ್‌ನ ಸೀರಿಯಲ್ ಪೋರ್ಟಿಗೆ, ಅಂದ್ರೆ ಅಕ್ಷರ ಮಾತ್ರ ಸಾಗುವ ದಾರಿಗೆ. ಅಲ್ಲಿ ಗೆಸ್ಟ್ ಲಾಗಿನ್ ಕೇಳುತ್ತಾ ಕೂತಿರಬೇಕು. ನನ್ನದು ಕೂತಿರಲಿಲ್ಲ.

ಉಳಿದದ್ದು ಡಿಸ್‌ಪ್ಲೇ, ಅಂದರೆ ಮಷಿನ್ನಿನ ಮಾನಿಟರ್. ಅದನ್ನು ದೂರದಿಂದ ನೋಡೋದಕ್ಕೆ ವಿಎನ್‌ಸಿ. 'ವರ್ಶ್ ವಿಎನ್‌ಸಿಡಿಸ್‌ಪ್ಲೇ ಲೆಕ್ಕ' ಅಂದಾಗ 127.0.0.1:0 ಅಂತ ತೋರಿಸಿತು. ಕೊನೆಯ ಸೊನ್ನೆ ಅಂದ್ರೆ 5900ನೇ ಪೋರ್ಟ್, ಒಂದು ಇದ್ದರೆ 5901. ಮುಂದಿರುವ 127.0.0.1 ಅಂದ್ರೆ ಹೋಸ್ಟ್ ಒಳಗಿನವರಿಗೆ ಮಾತ್ರ ಪ್ರವೇಶ. ಅದನ್ನು 0.0.0.0 ಮಾಡಿ ಅಂತ ಸಲಹೆ ಕೊಡುವವರು ಜಾಸ್ತಿ. ಬೇಡ, ಊರಿಗೆಲ್ಲ ಬಾಗಿಲು ತೆಗೆದಿಟ್ಟ ಹಾಗೆ. ನಾನು ಎಸ್‌ಎಸ್‌ಎಚ್‌ಗೆ ಮೈನಸ್ ಎಲ್ ಹಾಕಿ 5901:127.0.0.1:5900 ಅಂತ ಸುರಂಗ ಕೊರೆದೆ, ಅಂದ್ರೆ ನನ್ನ ಲ್ಯಾಪ್‌ಟಾಪಿನ 5901ರಿಂದ ಹೋಸ್ಟ್‌ನ 5900ಕ್ಕೆ ದಾರಿ. ಲ್ಯಾಪ್‌ಟಾಪಿನ ವಿಎನ್‌ಸಿ ವ್ಯೂವರ್‌ನಲ್ಲಿ ಲೋಕಲ್‌ಹೋಸ್ಟ್ 5901 ತೆರೆದೆ. ಕಪ್ಪು ಪರದೆ ಮೇಲೆ ಲಾಗಿನ್ ಬಂತು! ಪಾಸ್‌ವರ್ಡ್ ಪೇಸ್ಟ್ ಆಗಲಿಲ್ಲ. ಇಪ್ಪತ್ತು ಅಕ್ಷರ ಕೈಯಾರೆ ಹೊಡೆದೆ, ಎರಡು ಸಲ ತಪ್ಪಿತು.

ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲಾನ್ ಫೈಲಿನಲ್ಲಿ, ಐಪಿಯಲ್ಲಿ ಹೆಚ್ಚಾಗಿದ್ದ '1' ಅಳಿಸಿ ಅಪ್ಲೈ ಮಾಡಿದೆ. ಎಸ್‌ಎಸ್‌ಎಚ್ ಮತ್ತೆ ಮಾತಾಡಿತು.

ಮಲಗುವ ಮುಂಚೆ ಗೆಸ್ಟ್ ಒಳಗೆ ಟಿಟಿವೈಎಸ್0, ಅಂದ್ರೆ ಮೊದಲ ಸೀರಿಯಲ್ ಪೋರ್ಟ್, ಮೇಲೆ ಲಾಗಿನ್ ಕೇಳುವ ಸೀರಿಯಲ್-ಗೆಟ್ಟಿ ಸರ್ವಿಸನ್ನು ಸಿಸ್ಟಮ್‌ಸಿಟಿಎಲ್ ಕಮಾಂಡಿನಿಂದ ಎನೇಬಲ್ ಮಾಡಿದೆ. ಬೂಟ್ ಆಗುವಾಗಿನ ಸಾಲುಗಳೂ ಕಾಣಲಿ ಅಂತ ಬೂಟ್ ಶುರುಮಾಡುವ ಗ್ರಬ್‌ನ ಸಾಲಿಗೆ ಕನ್ಸೋಲ್=ಟಿಟಿವೈಎಸ್0 ಸೇರಿಸಿ, ಅಪ್‌ಡೇಟ್-ಗ್ರಬ್ ಓಡಿಸಿದೆ. ಸೀರಿಯಲ್‌ನಲ್ಲಿ ಓಡಾಡೋದು ಬರೀ ಅಕ್ಷರ. ಹಾಗಾಗಿ ಮೊಬೈಲ್ ಹಾಟ್‌ಸ್ಪಾಟ್ ಕುಂಟುತ್ತಿದ್ದರೂ ನಡೆಯುತ್ತದೆ, ವಿಎನ್‌ಸಿ ಆಗಿದ್ದರೆ ತೆವಳುತ್ತಿತ್ತು. ಈಗ ಕನ್ಸೋಲ್ ತೆರೆದು ಎಂಟರ್ ಒತ್ತಿದರೆ 'ಲೆಕ್ಕ ಲಾಗಿನ್' ಅಂತ ಕೇಳುತ್ತದೆ.