ಜಾವಾದಲ್ಲಿ ಮೆಥಡ್ ಯಾವಾಗ ಸ್ಟ್ಯಾಟಿಕ್ ಆಗಬೇಕು?

ಆಬ್ಜೆಕ್ಟ್ ಹುಟ್ಟಿಸದೆ, ಕ್ಲಾಸಿನ ಹೆಸರಿನಿಂದಲೇ ಕರೆಯಬಹುದಾದ ಮೆಥಡ್ ಸ್ಟ್ಯಾಟಿಕ್. ಮೆಥಡ್ ಬರೆದಾದ ಮೇಲೆ ಅದು ಆಬ್ಜೆಕ್ಟಿನ ಯಾವುದಾದರೂ ಫೀಲ್ಡ್ ಮುಟ್ಟುತ್ತಿದೆಯೇ ಎಂದು ನೋಡಿ. ಅನುಮಾನವಿದ್ದರೆ ‘ಸ್ಟ್ಯಾಟಿಕ್’ ಸೇರಿಸಿ ಕಂಪೈಲ್ ಮಾಡಿ. ಮುಟ್ಟುತ್ತಿದ್ದರೆ ಕಂಪೈಲರ್ ಅಲ್ಲೇ ತಡೆಯುತ್ತದೆ. ಕಂಪೈಲ್ ಆಯಿತು ಅಂದಮಾತ್ರಕ್ಕೆ ಹಾಗೇ ಬಿಟ್ಟುಬಿಡಬೇಡಿ.

ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ಪರೀಕ್ಷಿಸುವ ಮೆಥಡ್ ತಗೊಳ್ಳಿ. ಒಟ್ಟು 11 ಅಕ್ಷರ: ಮೊದಲ 4 ಇಂಗ್ಲಿಷ್ ಅಕ್ಷರಗಳು, 5ನೆಯದು ಸೊನ್ನೆ, ಉಳಿದ 6 ಶಾಖೆಯ ಗುರುತು. ಸ್ಟ್ರಿಂಗ್ ಒಂದು ಕೈಗೆ ಬಂದರೆ ಸಾಕು, ವಿನ್ಯಾಸ ಸರಿಯೋ ತಪ್ಪೋ ಹೇಳಬಹುದು. ಇವತ್ತು ಕೇಳಿದರೂ ನಾಳೆ ಕೇಳಿದರೂ ಅದೇ ಉತ್ತರ. ಇದಕ್ಕೊಂದು ಆಬ್ಜೆಕ್ಟ್ ಹುಟ್ಟಿಸುವುದು ದಂಡ. ಮ್ಯಾತ್.ಮ್ಯಾಕ್ಸ್, ಇಂಟೀಜರ್.ಪಾರ್ಸ್‌ಇಂಟ್ ಎಲ್ಲ ಇದೇ ಜಾತಿಯವು.

ಅದೇ ಮೆಥಡ್‌ಗೆ ‘ಈ ಶಾಖೆ ನಿಜಕ್ಕೂ ಇದೆಯೇ’ ಎಂದು ಡೇಟಾಬೇಸ್ ಕೇಳುವ ಕೆಲಸವನ್ನೂ ಹಚ್ಚಿದಿರೋ, ಕನೆಕ್ಷನ್ ಇಡಲು ಸ್ಟ್ಯಾಟಿಕ್ ಫೀಲ್ಡ್ ಬೇಕಾಗುತ್ತದೆ. ಆಮೇಲೆ ಟೆಸ್ಟ್ ಬರೆಯುವಾಗ ನಕಲಿ ಡೇಟಾಬೇಸ್ ಕೂರಿಸಲು ಜಾಗವೇ ಸಿಗದು. ಟೆಸ್ಟಿಗೆ ನಕಲಿಗಳನ್ನು ಮಾಡಿಕೊಡುವ ಮಾಕಿಟೊ ಲೈಬ್ರರಿಯಲ್ಲಿ 3.4ರಿಂದ ಸ್ಟ್ಯಾಟಿಕ್ ಮೆಥಡನ್ನೂ ಮಾಕ್ ಮಾಡಬಹುದು (ನಕಲಿಯಿಂದ ಬದಲಿಸಬಹುದು), ನಿಜ. ಹಳೇ ಕೋಡಿಗೆ ಅದು ಆಸರೆ. ಇವತ್ತು ಬರೆದ ಕೋಡಿಗೇ ಅದು ಬೇಕಾಯಿತೆಂದರೆ ವಿನ್ಯಾಸ ಹಳಿ ತಪ್ಪಿದೆ. ಅಕ್ಷರ ಎಣಿಸುವ ಭಾಗ ಸ್ಟ್ಯಾಟಿಕ್ ಆಗಿಯೇ ಇರಲಿ. ಶಾಖೆ ಹುಡುಕುವ ಭಾಗವನ್ನು ಬೇರೆ ಕ್ಲಾಸಿಗೆ ಎತ್ತಿ, ಕನೆಕ್ಷನ್ ಅನ್ನು ಕನ್‌ಸ್ಟ್ರಕ್ಟರ್ ಮೂಲಕ ಕೊಡಿ.

ಗಡಿಯಾರದ್ದೂ ಇದೇ ಗೋಳು, ಸ್ವಲ್ಪ ಕಳ್ಳತನದಿಂದ ಬರುತ್ತದೆ. ಗ್ರಂಥಾಲಯದ ಪುಸ್ತಕ ತಡವಾದರೆ ದಿನಕ್ಕೆ 1 ರೂಪಾಯಿ ದಂಡ ಎಂದಿಟ್ಟುಕೊಳ್ಳಿ. ಲೆಕ್ಕ ಹಾಕುವ ಸ್ಟ್ಯಾಟಿಕ್ ಮೆಥಡ್ ಒಳಗೇ ಇಂದಿನ ದಿನಾಂಕ ಕೊಡುವ ಲೋಕಲ್‌ಡೇಟ್.ನೌ ಕರೆದರೆ, ಇಂದು ‘10 ರೂಪಾಯಿ’ ಎಂದು ಪಾಸಾದ ಟೆಸ್ಟ್ ನಾಳೆ 11 ಕಂಡು ಫೇಲಾಗುತ್ತದೆ. ಮದ್ದು ಸುಲಭ: ಇಂದಿನ ದಿನಾಂಕವನ್ನೂ ಪ್ಯಾರಾಮೀಟರ್ ಆಗಿ ತಗೊಳ್ಳಿ. ಮೆಥಡ್ ಸ್ಟ್ಯಾಟಿಕ್ ಆಗಿಯೇ ಉಳಿಯಬಹುದು.

ವಿದ್ಯಾರ್ಥಿಗೊಂದು ದರ, ಅಧ್ಯಾಪಕರಿಗೊಂದು ದರ ಎಂದು ಬಂದಾಗ ಮಾತ್ರ ಸ್ಟ್ಯಾಟಿಕ್ ಕೈಕೊಡುತ್ತದೆ. ಸಬ್‌ಕ್ಲಾಸಿನಲ್ಲಿ ಅದೇ ಹೆಸರಿನ ಸ್ಟ್ಯಾಟಿಕ್ ಮೆಥಡ್ ಬರೆದರೆ ಅದು ಓವರ್‌ರೈಡ್ (ಹಳೆಯದರ ಬದಲು ಆಬ್ಜೆಕ್ಟಿನ ಸ್ವಂತದ್ದು ಓಡುವುದು) ಅಲ್ಲ, ಹಳೆಯದನ್ನು ಮರೆಮಾಡುತ್ತದೆ ಅಷ್ಟೆ. ಯಾವುದು ಓಡಬೇಕೆಂದು ಕಂಪೈಲರ್ ವೇರಿಯಬಲ್‌ನ ಟೈಪ್ ನೋಡಿ ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ವೇರಿಯಬಲ್ ‘ಸದಸ್ಯ’ ಎಂಬ ಮೂಲ ಕ್ಲಾಸಿನ ಟೈಪಿನದಾದರೆ, ಒಳಗೆ ಅಧ್ಯಾಪಕರ ಆಬ್ಜೆಕ್ಟ್ ಇದ್ದರೂ ಸದಸ್ಯರ ಸಾಮಾನ್ಯ ದರವೇ ಬೀಳುತ್ತದೆ. ಎರರ್ ಇಲ್ಲ, ವಾರ್ನಿಂಗ್ ಬಂದರೂ ಯಾರೂ ಓದುವುದಿಲ್ಲ.

ಸ್ಟ್ಯಾಟಿಕ್‌ಗೆ ಇನ್ನೊಂದು ಒಳ್ಳೆಯ ಜಾಗ ಆಬ್ಜೆಕ್ಟ್ ಕೊಡುವ ಮೆಥಡ್‌ಗಳು. ಇಂಟೀಜರ್.ವ್ಯಾಲ್ಯೂಆಫ್ -128ರಿಂದ 127ರವರೆಗೆ ಮೊದಲೇ ಇಟ್ಟುಕೊಂಡ ಆಬ್ಜೆಕ್ಟನ್ನೇ ಕೊಡುತ್ತದೆ; ‘ನ್ಯೂ’ ಎಂದರೆ ಪ್ರತಿ ಸಲ ಹೊಸದೇ ಹುಟ್ಟಬೇಕು.

ಕೊನೆಗೆ, ಮೆಥಡ್ ಸ್ಟ್ಯಾಟಿಕ್ ಆಯಿತೆಂದು ಅದರ ಪಕ್ಕ, ದಿನಾಂಕವನ್ನು ಬರಹಕ್ಕಿಳಿಸುವ ಸಿಂಪಲ್‌ಡೇಟ್‌ಫಾರ್ಮ್ಯಾಟನ್ನು ಸ್ಟ್ಯಾಟಿಕ್ ಫೀಲ್ಡ್ ಮಾಡಿ ಇಡಬೇಡಿ. ಎರಡು ಥ್ರೆಡ್ (ಏಕಕಾಲಕ್ಕೆ ಓಡುವ ಕೆಲಸದ ಎಳೆಗಳು) ಒಟ್ಟಿಗೆ ಬಳಸಿದರೆ ದಿನಾಂಕ ಕಲಸುಮೇಲೋಗರವಾಗುತ್ತದೆ. ಜಾವಾ 8ರಿಂದ ಬಂದ ಡೇಟ್‌ಟೈಮ್‌ಫಾರ್ಮ್ಯಾಟರ್‌ಗೆ ಆ ಕಾಟವಿಲ್ಲ.