ಕ್ಯಾಪ್ ಕೂರುವ ಅಂಚು

ಹಲ್ಲಿನ ಮೇಲೆ ಕೂರಿಸುವ ಕ್ಯಾಪ್, ಇಲ್ಲದ ಹಲ್ಲಿನ ಜಾಗ ತುಂಬುವ ಬ್ರಿಡ್ಜ್ ಮಾಡುವುದು ನನ್ನ ದಿನನಿತ್ಯದ ಕೆಲಸ. ಬಂದವರು ಮೊದಲು ಕೇಳುವುದು ಯಾವ ಮೆಟೀರಿಯಲ್ ಒಳ್ಳೆಯದು ಅಂತ. ನಾನು ಮೊದಲು ನೋಡುವುದು ಬೇರೆಯದನ್ನು. ಹುಳುಕು ಪೂರ್ತಿ ತೆಗೆದ ಮೇಲೆ ವಸಡಿನಿಂದ ಮೇಲಕ್ಕೆ ಗಟ್ಟಿ ಹಲ್ಲು ಎಷ್ಟು ಉಳಿಯುತ್ತದೆ? ಸುತ್ತಲೂ 2 ಮಿ.ಮೀ. ಆದರೂ ಇದ್ದರೆ ನನಗೆ ಧೈರ್ಯ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿದ ಹಾಗೆ ಕ್ಯಾಪ್ ಆ ಭಾಗವನ್ನು ಸುತ್ತಿ ಹಿಡಿಯುತ್ತದೆ. ಅಷ್ಟು ಹಲ್ಲು ಇಲ್ಲದಿದ್ದರೆ, ಒಳಗೆ ಪೋಸ್ಟ್ (ಬೇರಿನೊಳಗೆ ಕೂರಿಸುವ ಕಡ್ಡಿ) ಹಾಕಿ ಕಟ್ಟಿದರೂ ಅಗಿಯುವ ಭಾರ ಬೇರಿನ ಮೇಲೇ ಬೀಳುತ್ತದೆ. ಬೇರು ಉದ್ದಕ್ಕೆ ಸೀಳಿತು ಅಂದರೆ ಸಾಮಾನ್ಯವಾಗಿ ಹಲ್ಲು ಕೀಳದೆ ಬೇರೆ ದಾರಿ ಇರುವುದಿಲ್ಲ.

ರೂಟ್ ಕೆನಾಲ್ ಆದವರು ಕೇಳುತ್ತಾರೆ, "ಈಗ ನೋವೇ ಇಲ್ವಲ್ಲ ಡಾಕ್ಟ್ರೇ, ಕ್ಯಾಪ್ ಯಾಕೆ?" ನೋವು ಹೋಗಿದೆ, ನಿಜ. ಆದರೆ ಹುಳುಕು ಒಂದಿಷ್ಟು ತಿಂದು, ಚಿಕಿತ್ಸೆಗೆ ಒಂದಿಷ್ಟು ಕೊರೆದು, ದವಡೆ ಹಲ್ಲಿನಲ್ಲಿ ಉಳಿದಿರುವುದು ತೆಳ್ಳನೆಯ ಗೋಡೆಗಳು. ಅಗಿಯುವಾಗಲೆಲ್ಲ ಅವು ಹೊರಕ್ಕೆ ಬಾಗುತ್ತವೆ. ಹಾಗಾಗಿ ದವಡೆ ಹಲ್ಲಿಗೆ ತಡ ಮಾಡಲು ನಾನು ಬಿಡುವುದಿಲ್ಲ. ಮುಂದಿನ ಹಲ್ಲು ಹೆಚ್ಚು ಹಾಳಾಗಿಲ್ಲದಿದ್ದರೆ ಎಷ್ಟೋ ಸಲ ಬರೀ ಫಿಲ್ಲಿಂಗ್ ಸಾಕು.

ಕ್ಯಾಪ್‌ನ ಬಣ್ಣವನ್ನು ಮೊದಲೇ ಆರಿಸುತ್ತೇನೆ, ಕಿಟಕಿಯ ಬೆಳಕಿನಲ್ಲಿ. ಬಾಯಿ ತೆರೆದು ಕೂತಷ್ಟೂ ಹಲ್ಲು ಒಣಗಿ ಬಿಳಿಯಾಗಿ ಕಾಣುತ್ತದೆ. ಕೊನೆಗೆ ನೋಡಿದರೆ ತಪ್ಪು ಬಣ್ಣ ಸಿಗುತ್ತದೆ. ಆಮೇಲೆ ಕ್ಯಾಪ್ ಕೂರುವಂತೆ ಹಲ್ಲು ತೇಯುವ ಕೆಲಸ. ಸೆರಾಮಿಕ್ ಕ್ಯಾಪ್ ಆದರೆ ಅಗಿಯುವ ಮೇಲ್ಭಾಗದಲ್ಲಿ 1.5ರಿಂದ 2 ಮಿ.ಮೀ. ಜಾಗ ಬೇಕು. ಪೂರ್ತಿ ಲೋಹದ್ದಾದರೆ ಕಡಿಮೆ ಸಾಕು. ಪಕ್ಕದ ಗೋಡೆಗಳು ಮೇಲಕ್ಕೆ ಹೋದ ಹಾಗೆ ಸ್ವಲ್ಪವೇ ಕಿರಿದಾಗಬೇಕು. ಜಾಸ್ತಿ ಇಳಿಜಾರಾದರೆ ಕ್ಯಾಪ್‌ಗೆ ಹಿಡಿತ ಸಿಗದು, ಪದೇ ಪದೇ ಕಳಚಿಕೊಳ್ಳುತ್ತದೆ.

ನನ್ನ ಸಮಯ ಹೆಚ್ಚು ಹೋಗುವುದು ಅಂಚಿಗೆ. ಕ್ಯಾಪ್ ಮುಗಿದು ಹಲ್ಲು ಶುರುವಾಗುವ ಆ ಗೆರೆಯಲ್ಲಿ ಸಂದು ಉಳಿದರೆ ಹುಳುಕು ಅಲ್ಲಿಂದಲೇ ಒಳಗೆ ನುಗ್ಗುತ್ತದೆ. ವಸಡು ಮತ್ತು ಹಲ್ಲಿನ ನಡುವೆ ಸಣ್ಣ ದಾರ ಕೂರಿಸುತ್ತೇನೆ. ವಸಡು ಸರಿದು ಗೆರೆ ಬಿಡಿಸಿಟ್ಟ ಹಾಗೆ ಕಾಣಬೇಕು. ರಕ್ತ ಒಸರುತ್ತಿದ್ದರೆ ಅವತ್ತು ಅಳತೆ ತೆಗೆಯುವುದಿಲ್ಲ. ಚೆನ್ನಾಗಿ ಕೂರುವ ತಾತ್ಕಾಲಿಕ ಕ್ಯಾಪ್ ಹಾಕಿ, ವಸಡು ವಾಸಿಯಾದ ಮೇಲೆ ಬರಲು ಹೇಳುತ್ತೇನೆ. ಒಂದು ಭೇಟಿ ಜಾಸ್ತಿ ಆಯಿತು ಅಂತ ಕೆಲವರಿಗೆ ಬೇಸರ. ಆದರೆ ಅಂಚು ಮಸುಕಾದ ಅಳತೆ ಕಳಿಸಿದರೆ ಲ್ಯಾಬ್‌ನವರು ಅಂದಾಜಿನ ಮೇಲೆ ಮಾಡಬೇಕಾಗುತ್ತದೆ. ಸ್ಕ್ಯಾನರ್‌ನಲ್ಲಿ ತೆಗೆದರೂ ಅಷ್ಟೇ, ಕಾಣದ್ದನ್ನು ಕ್ಯಾಮೆರಾ ಹಿಡಿಯುವುದಿಲ್ಲ.

ಕ್ಯಾಪ್ ಬಂದ ಮೇಲೆ ಸಿಮೆಂಟ್ ಹಾಕುವ ಮುಂಚೆ ಕೂರಿಸಿ ನೋಡುತ್ತೇನೆ. ಚೂಪು ಕಡ್ಡಿಯ ತುದಿಯನ್ನು ಕ್ಯಾಪ್‌ನಿಂದ ಹಲ್ಲಿಗೆ, ಹಲ್ಲಿನಿಂದ ಕ್ಯಾಪ್‌ಗೆ ಎಳೆಯುತ್ತೇನೆ. ಎಲ್ಲೂ ತಡೆಯಬಾರದು. ಪಕ್ಕದ ಹಲ್ಲಿನ ಸಂದಿನಲ್ಲಿ ಫ್ಲಾಸ್ (ಸಂದು ಶುಚಿ ಮಾಡುವ ದಾರ) ಸ್ವಲ್ಪ ಬಿಗಿಯಾಗಿ ಇಳಿಯಬೇಕು. ಸಡಿಲ ಇದ್ದರೆ ಊಟ ಮಾಡಿದಾಗಲೆಲ್ಲ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬಣ್ಣದ ಕಾಗದ ಕಚ್ಚಿಸಿ ಎತ್ತರ ನೋಡುತ್ತೇನೆ. ಕಾಗದ ಸರಿ ಅಂದರೂ ಕೂತವರು "ಏನೋ ತಗಲುತ್ತೆ" ಅಂದರೆ ಅವರ ಮಾತನ್ನೇ ನಂಬಿ ಮತ್ತೆ ನೋಡುತ್ತೇನೆ. ಕೂದಲೆಳೆಯಷ್ಟು ವ್ಯತ್ಯಾಸವೂ ಕಚ್ಚಿದಾಗ ಗೊತ್ತಾಗುತ್ತದೆ. ಕೊನೆಗೆ ಹೊರಬಂದ ಸಿಮೆಂಟ್ ಚೂರೂ ಉಳಿಯದಂತೆ ತೆಗೆಯಬೇಕು. ಫ್ಲಾಸ್‌ಗೆ ಗಂಟು ಹಾಕಿ ಪಕ್ಕಕ್ಕೆ ಎಳೆದರೆ ಸಂದಿನದ್ದೂ ಬರುತ್ತದೆ. ವಸಡಿನ ಕೆಳಗೆ ಉಳಿದ ಸಿಮೆಂಟ್‌ನಿಂದ ವಸಡು ಊದಿಕೊಳ್ಳುತ್ತದೆ.

ಬ್ರಿಡ್ಜ್ ವಿಷಯಕ್ಕೆ ಬಂದರೆ ನನಗೆ ಯೋಚನೆ ಜಾಸ್ತಿ. ಇಲ್ಲದ ಒಂದು ಹಲ್ಲಿಗಾಗಿ ಪಕ್ಕದ ಎರಡನ್ನು ತೇಯಬೇಕು. ತೇದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಆ ಎರಡೂ ಚೆನ್ನಾಗಿದ್ದು ಮೂಳೆ ಸಾಕಷ್ಟಿದ್ದರೆ ಇಂಪ್ಲಾಂಟ್ (ಮೂಳೆಯಲ್ಲಿ ಕೂರಿಸುವ ಕೃತಕ ಬೇರು) ಬಗ್ಗೆ ಮೊದಲು ಮಾತಾಡುತ್ತೇನೆ. ಅವಕ್ಕೆ ಹೇಗಿದ್ದರೂ ಕ್ಯಾಪ್ ಬೇಕಾಗಿದ್ದರೆ ಬ್ರಿಡ್ಜ್ ಒಳ್ಳೆಯ ಆಯ್ಕೆ. ಎಕ್ಸ್‌ರೇಯಲ್ಲಿ ಬೇರಿನ ಉದ್ದ, ಸುತ್ತಲಿನ ಮೂಳೆ ನೋಡದೆ ನಾನು ಒಪ್ಪುವುದಿಲ್ಲ. ಇನ್ನು, ಹಲ್ಲು ಕೀಳಿಸಿ ವರ್ಷಗಟ್ಟಲೆ ಸುಮ್ನೆ ಬಿಟ್ಟವರಲ್ಲಿ ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲಿರುತ್ತದೆ, ಎದುರಿನದ್ದು ಅದರೊಳಗೆ ಇಳಿದಿರುತ್ತದೆ. ಆಗ ಕೆಲಸ ಕಷ್ಟ.

ನಡುವಿನ ಕೃತಕ ಹಲ್ಲು ವಸಡನ್ನು ಒತ್ತಬಾರದು, ಹಗುರಾಗಿ ತಾಗಬೇಕು. ಅದರ ಕೆಳಗೆ ಬ್ರಷ್ ಹೋಗುವುದಿಲ್ಲ. ತುದಿ ಗಟ್ಟಿಯಿರುವ ಸೂಪರ್ ಫ್ಲಾಸ್ ತೂರಿಸಿ ಅಲ್ಲಿ ಸಿಕ್ಕಿಕೊಂಡದ್ದನ್ನು ದಿನಾ ತೆಗೆಯಬೇಕು. ಕನ್ನಡಿ ಕೊಟ್ಟು, ಅವರ ಕೈಯಲ್ಲೇ ಒಂದು ಸಲ ಮಾಡಿಸಿಯೇ ಕಳಿಸುತ್ತೇನೆ.

ತಪಾಸಣೆಗೆ ಬಂದಾಗ ಬ್ರಿಡ್ಜನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ ಅಂಚನ್ನೇ ನೋಡುತ್ತೇನೆ. ಒಂದು ಕಡೆ ಸಿಮೆಂಟ್ ಬಿಟ್ಟಿದ್ದರೂ ಇನ್ನೊಂದು ಕಡೆ ಹಿಡಿದಿರುವುದರಿಂದ ಅದು ಕಳಚುವುದಿಲ್ಲ, ಒಳಗೆ ಹುಳುಕು ಬೆಳೆಯುತ್ತಿರುತ್ತದೆ. ಒತ್ತಿದಾಗ ಅಂಚಿನಲ್ಲಿ ಎಂಜಲಿನ ಸಣ್ಣ ಗುಳ್ಳೆ ಬಂದರೆ ಆ ಕಡೆ ಬಿಟ್ಟಿದೆ ಅಂತಲೇ ಅರ್ಥ. ನೋವಿಲ್ಲದಿದ್ದರೂ ಅಂಥ ಬ್ರಿಡ್ಜನ್ನು ತೆಗೆದು ನೋಡುತ್ತೇನೆ.